ಹೊಳೆಗೆ ಉಡಿ ತುಂಬಿದ ವರ್ಷ

ಹೊಳೆ ಇಳಿದ ಮೇಲೆ ದಂಡೆಯ ಎರೆಮಣ್ಣು ಬಿಸಿಲಿಗೆ ಒಣಗುವಾಗ ಒಂದು ವಾಸನೆ ಏಳುತ್ತದೆ. ಹಸಿ ಹಿಟ್ಟು, ಮೀನು, ಹಳೇ ಹಗ್ಗ ಎಲ್ಲ ಕಲಸಿದಂಥ ವಾಸನೆ. ಹೋದ ತಿಂಗಳು ಅಫಜಲಪುರದಿಂದ ಘಾಟಕ್ಕೆ ಹೋಗುವ ಬಸ್ಸು ಕೊನೆಯ ತಿರುವು ಇಳಿದಾಗ ಅದು ಕಿಟಕಿಯಿಂದ ಒಳಗೆ ನುಗ್ಗಿತು. ಮೊದಲ ಸಲ ಇದೇ ವಾಸನೆಗೆ ಮೂಗಿಗೆ ಸೆರಗು ಹಿಡಿದುಕೊಂಡವಳು ನಾನು. ಈ ಸಲ ಎದುರಿನ ಸೀಟಿನ ಕಂಬಿ ಹಿಡಿದು ಎದೆ ತುಂಬ ಎಳೆದುಕೊಂಡೆ. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಹೆಣ್ಣುಮಗಳು "ಕಣ್ಣಾಗ ಧೂಳ ಹೋತೇನ್ರಿ?" ಎಂದಳು. ಹೌದು ಎಂದೆ.

ಘಾಟ ಎಂಬುದು ಊರಿನ ಕಾಗದದ ಹೆಸರಲ್ಲ. ಭೀಮಾ ಹೊಳೆಗೆ ಅಲ್ಲಿ ಇಪ್ಪತ್ತೊಂದು ಕಲ್ಲಿನ ಮೆಟ್ಟಿಲುಗಳಿವೆ. ಸುತ್ತಲಿನವರೆಲ್ಲ ಊರನ್ನು ಆ ಮೆಟ್ಟಿಲಿನ ಹೆಸರಿನಿಂದಲೇ ಕರೆಯುತ್ತಾರೆ. ಹದಿನೈದು ವರ್ಷದ ಹಿಂದೆ ಅಲ್ಲಿಯ ಶಾಲೆಯಲ್ಲಿ ನಾನು ಒಂದು ವರ್ಷ ಪಾಠ ಮಾಡಿದ್ದೆ. ಆಗ ಹೆಡ್‌ಮಾಸ್ತರಾಗಿದ್ದ ಬಂಡೆಪ್ಪನವರು, ಈಗ ನಿವೃತ್ತರಾಗಿ ಗೊಬ್ಬೂರಿನಲ್ಲಿ ತೊಗರಿ ಬೆಳೆದುಕೊಂಡಿದ್ದಾರೆ, ಇದ್ದಕ್ಕಿದ್ದಂತೆ ಫೋನು ಮಾಡಿದ್ದರು. "ಅಂಬಿಗರ ಸಾಬಮ್ಮ ನಿಮ್ಮನ್ನ ನೋಡಬೇಕಂತ ಹಟಾ ಹಿಡದಾಳ್ರಿ ಅಕ್ಕೋರ. ಯಾಕಂತ ಕೇಳಿದ್ರ ಹೇಳವಲ್ಲಳು. ಜಲ್ದಿ ಬಂದು ಹೋಗ್ರಿ."

ನಾನು ಎಲ್ಲಿಗೂ ಹೋಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ನನ್ನವರು ತೀರಿಕೊಂಡ ಮೇಲೆ ಮದುವೆ, ಬಸುರಿಯರ ಕುಬಸದ ಕರೆ ಬರದೆ ಇರಲಿಲ್ಲ. ಹೋದರೆ ಮಾತ್ರ, ಉಡಿ ತುಂಬುವ ಹೊತ್ತಿಗೆ ತಟ್ಟೆ ಹಿಡಿದವಳು ನನ್ನನ್ನು ದಾಟಿ ಪಕ್ಕದವಳ ಸೆರಗಿಗೆ ಹೋಗುತ್ತಿದ್ದಳು. ಯಾರೂ ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲ. ಊಟಕ್ಕೆ ಎರಡೆರಡು ಸಲ ಕರೆಯುತ್ತಿದ್ದರು ಕೂಡ. ಆದರೂ ಆ ತಟ್ಟೆ ದಾಟಿ ಹೋಗುವ ಒಂದು ಗಳಿಗೆ ಇದೆಯಲ್ಲ, ಅದಕ್ಕೆ ಹೆದರಿ ನಾನು ಆಳಂದದ ಮನೆಯಲ್ಲೇ ಕೂತುಬಿಟ್ಟಿದ್ದೆ. ಸಾಬಮ್ಮನ ಹೆಸರು ಕೇಳಿದ ಮೇಲೆ ಕೂರಲು ಆಗಲಿಲ್ಲ.

ಆ ವರ್ಷ ಘಾಟಕ್ಕೆ ಹೋದಾಗ ನಾನು ಉರಿಯುವ ಕೊಳ್ಳಿಯಾಗಿದ್ದೆ. ಆಳಂದದಲ್ಲಿ ಮನೆ, ಗಂಡನ ಬಟ್ಟೆ ಅಂಗಡಿ, ಅಂಗಡಿಯ ಹಿಂದೆಯೇ ಶಾಲೆ. ಅಲ್ಲಿಂದ ಎಬ್ಬಿಸಿ ಎರಡು ಬಸ್ಸು ಬದಲಿಸಿ ತಲುಪುವ ಹೊಳೆದಂಡೆಗೆ ನನ್ನನ್ನು ಒಗೆದಿದ್ದರು. ಹಾಜರಾದ ದಿನವೇ ವರ್ಗದ ಅರ್ಜಿ ಬರೆದು ಬಂಡೆಪ್ಪನವರ ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ಓದಿ, ಮಡಚಿ, ಗಾಜಿನ ಕೆಳಗೆ ಇಟ್ಟುಕೊಂಡು ನಕ್ಕರು.

"ಕಳಿಸ್ತೇನ್ರಿ. ಅಲ್ಲೀತನಾ ಒಂದು ಕೆಲಸಾ ಮಾಡ್ರಿ. ನಮ್ಮ ಸಾಲಿಗಿ ನೂರು ವರ್ಷ ತುಂಬಾಕತ್ತದ. ಊರಿನ ಇತಿಹಾಸ ಒಂದು ಬರದು ಕೊಡ್ರಿ. ನೀವು ಇತಿಹಾಸ ಓದಿದವರು."

"ಈ ಊರಿಗೇನು ಇತಿಹಾಸ ಅದರೀ ಸರ್? ಕೋಟೆ ಇಲ್ಲ, ಶಾಸನ ಇಲ್ಲ."

"ಅಯ್ಯ! ಇದು ಬಂದರ್ ಊರ್ರಿ ಅಕ್ಕೋರ, ಬಂದರು! ಸಮುದ್ರ ಒಂದು ಇಲ್ಲ ನೋಡ್ರಿ, ಉಳಿದದ್ದೆಲ್ಲ ಅದ."

ಚೇಷ್ಟೆ ಮಾಡುತ್ತಿದ್ದಾರೆಂದುಕೊಂಡೆ. ಆದರೆ ಮಾತು ಖರೆಯೇ ಆಗಿತ್ತು. ನಿಜಾಮನ ಕಾಲದಲ್ಲಿ ಈ ದಂಡೆ ನಿಜಾಮನದು, ಎದುರಿನ ದಂಡೆ ಇಂಗ್ಲಿಷರದು. ನಡುವೆ ಹೊಳೆಯೇ ಗಡಿ. ಆ ಕಡೆಯಿಂದ ಉಪ್ಪು, ಸೀಮೆಎಣ್ಣೆ, ಜಪಾನೀ ಬಟ್ಟೆ ಬರುತ್ತಿದ್ದವು. ಈ ಕಡೆಯಿಂದ ತೊಗರಿ, ಜೋಳ, ಹತ್ತಿ ಹೋಗುತ್ತಿದ್ದವು. ಮೆಟ್ಟಿಲಿನ ಮೇಲ್ತುದಿಯಲ್ಲಿ ಸುಂಕದ ನಾಕಾ, ಅದರಲ್ಲಿ ಉರ್ದು ಬರೆಯುವ ಮುನ್ಷಿ, ಅವನಿಗೆ ಚಹಾ ಒಯ್ಯುವ ಅಂಗಡಿ, ಅಂಗಡಿಯ ಪಕ್ಕ ದಾರಿಹೋಕರು ತಂಗುವ ಸರಾಯಿ. ದಿನಕ್ಕೆ ಎಷ್ಟು ನಾವೆ ದಾಟುತ್ತಿದ್ದವೆಂದು ಒಬ್ಬೊಬ್ಬ ಮುದುಕ ಒಂದೊಂದು ಲೆಕ್ಕ ಹೇಳಿದ. ಆಮೇಲೆ ಗಡಿ ಹೋಯಿತು, ನಾಕಾ ಹೋಯಿತು. ಕೆಳಗಡೆ ಸೇತುವೆ ಬಂತು, ನಾವೆಯೂ ಹೋಯಿತು. ಉಳಿದದ್ದು ಇಪ್ಪತ್ತೊಂದು ಮೆಟ್ಟಿಲು, ಮತ್ತು ಅಂಬಿಗರ ಹತ್ತು ಮನೆ.

ಆ ಮೆಟ್ಟಿಲುಗಳ ಪಕ್ಕದ ಕಲ್ಲುಗೋಡೆಯ ಮೇಲೆ ಕಾವಿಬಣ್ಣದ ಗೆರೆಗಳಿದ್ದವು. ಒಂದು ಏಳನೆಯ ಮೆಟ್ಟಿಲಿನ ಸಮಕ್ಕೆ, ಒಂದು ಹನ್ನೆರಡನೆಯದಕ್ಕೆ, ಒಂದೇ ಒಂದು ಇಪ್ಪತ್ತನೆಯದಕ್ಕೆ. ಅವುಗಳನ್ನು ಬಗ್ಗಿ ನೋಡುತ್ತಿದ್ದಾಗ ಹಿಂದಿನಿಂದ "ಅಲ್ಲಿತನಾ ಬಂದು ಹೋಗ್ಯಾಳ ನೋಡ್ರಿ" ಎಂಬ ದನಿ ಬಂತು. ತಿರುಗಿದರೆ ಅರವತ್ತರ ಒಬ್ಬ ಹೆಂಗಸು, ಕೈಯಲ್ಲಿ ಬಲೆ, ಬೋಳು ಹಣೆ, ಬೋಳು ಮುಂಗೈ. ಸಾಬಮ್ಮನನ್ನು ನಾನು ಮೊದಲು ನೋಡಿದ್ದು ಹೀಗೆ.

"ಯಾರು ಬಂದು ಹೋಗ್ಯಾಳ?"

"ಹೊಳಿ. ಆಕಿ ಈ ಊರಿನ ಮಗಳು. ಒಮ್ಮೊಮ್ಮೆ ತವರಿಗಿ ಬರ್ತಾಳ, ಮೆಟ್ಟಲಾ ಹತ್ತಿ. ಬಂದ ಮಗಳಿಗಿ ಉಡಿ ತುಂಬದ ಹೆಂಗ ಕಳಸೂದ್ರಿ? ಯಾ ಮೆಟ್ಟಲದಾಗ ಉಡಿ ತುಂಬಿದೆವೋ ಅಲ್ಲಿ ಗೆರಿ ಹೊಡೀತೇವಿ. ಉಡಿ ತೊಗೊಂಡು ಆಕಿ ಹೊಳ್ಳಿ ಹೋಗ್ತಾಳ."

"ಉಡಿ ತುಂಬೋರು ಯಾರು?"

"ನಾನರಿ."

ನನ್ನ ಕಣ್ಣು ಅವಳ ಹಣೆಯ ಮೇಲೆ ಹೋಯಿತು. ಅದು ಅವಳಿಗೆ ತಿಳಿಯಿತು. ಬಲೆ ಕೆಳಗಿಟ್ಟು, ಕೋಪವಿಲ್ಲದೆ ಹೇಳಿದಳು. "ಕುಪ್ಪಸದ ಖಣ, ಕೊಬ್ಬರಿ ಗೌಡರ ಮನಿಯಿಂದ ಬರ್ತಾವ. ಕೈ ಮಾತ್ರ ನಮ್ಮ ಮನೀದು. ಹೊಳಿಯಾಗ ಗಂಡನ್ನ ಕಳಕೊಂಡಾಕೀನೇ ತುಂಬಬೇಕು. ನಮ್ಮತ್ತಿ ತುಂಬ್ತಿದ್ದಳು, ಆಕಿ ಗಂಡ ನಾವಿ ಮಗಚಿ ಹೋದ. ಈಗ ನಾ. ನನ್ನ ಗಂಡನೂ ಹಂಗ ಹೋದ. ಬ್ಯಾರೇದವ್ರು ಆಕೀಗಿ ಅಂಜ್ತಾರ. ಆಕಿ ಕಸಗೊಳ್ಳೂದು ನನ್ನ ಕಡೆ ಇನ್ನ ಏನೂ ಉಳಿದಿಲ್ಲ, ಅದಕ್ಕ ಮುಖಾ ನೋಡಿ ಮಾತಾಡ್ತೇನಿ."

ಇದನ್ನು ನಾನು ವಹಿಯಲ್ಲಿ ಬರೆದುಕೊಂಡೆ. ಬರೆದುಕೊಂಡವಳು ಶುದ್ಧ ಪ್ರತಿ ಮಾಡುವಾಗ ಏನು ಮಾಡಿದೆ ಗೊತ್ತೆ? "ಹೊಳೆ ಮೇಲೇರಿದಾಗ ಗೌಡರ ಮನೆಯ ಮುತ್ತೈದೆಯರು ಗಂಗೆಗೆ ಉಡಿ ತುಂಬುವ ಸಂಪ್ರದಾಯವಿದೆ" ಎಂದು ಬರೆದೆ. ನಮ್ಮದು ಶರಣರ ಮನೆತನ. ಬೆಳಗೆದ್ದು ವಿಭೂತಿ ಹಚ್ಚಿಕೊಂಡು, ಮೇಲು ಕೀಳಿಲ್ಲ, ಶುಭ ಅಶುಭವಿಲ್ಲ ಎಂದು ಬಾಯಿಪಾಠ ಒಪ್ಪಿಸಿಯೇ ಚಹಾ ಕುಡಿಯುವವರು ನಾವು. ಆದರೂ ಪೆನ್ನು ಹಿಡಿದ ಕೈ ತಡೆಯಿತು. ಸಮಾರಂಭಕ್ಕೆ ತಾಲೂಕಿನಿಂದ ಸಾಹೇಬರು ಬರುತ್ತಾರೆ, ಗಂಡ ಸತ್ತವಳು ಉಡಿ ತುಂಬುತ್ತಾಳೆಂದರೆ ನಗುತ್ತಾರೆ, ಊರಿನ ಮಾನ ಹೋಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಊರಿನ ಮಾನದ ಚಿಂತೆ, ಅದೂ ಬಂದು ಎರಡು ತಿಂಗಳಾದವಳಿಗೆ!

ಶ್ರಾವಣದಲ್ಲಿ ಸಮಾರಂಭವಾಯಿತು. ಅಫಜಲಪುರದಲ್ಲಿ ಅಚ್ಚಾಗಿ ಬಂದ ಪುಸ್ತಕದ ಕಟ್ಟುಗಳು ನನ್ನ ಬಾಡಿಗೆ ಕೋಣೆ ತುಂಬಿದ್ದವು. ವೇದಿಕೆಯ ಮೇಲೆ ನಿಂತು ನಾನೇ ಓದಿದೆ. ನಾಕಾ, ಮುನ್ಷಿ, ನಾವೆ ಬಂದಾಗ ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಸಾಬಮ್ಮ ಕೂತಿದ್ದಳು. ಒಗೆದು ಮಡಿಕೆ ಹಾಕಿದ ಇಲಕಲ್ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ತನ್ನ ಮಾತು ಬರುತ್ತದೆಂದು ಕಾಯುತ್ತಿದ್ದಾಳೆಂದು ನನಗೆ ಆ ಗಳಿಗೆಗೆ ಹೊಳೆಯಿತು, ಆದರೆ ನಾಲಿಗೆ ಆಗಲೇ ಆ ಸಾಲಿಗೆ ಬಂದಿತ್ತು. ಓದಿಬಿಟ್ಟೆ. ಸಾಬಮ್ಮ ಒಂದು ಸಲ ಗೌಡರ ಹೆಂಡತಿ ಗೌಡಸಾನಿಯ ಮುಖ ನೋಡಿದಳು, ಒಂದು ಸಲ ನನ್ನ ಮುಖ ನೋಡಿದಳು. ಎದ್ದು, ಸೆರಗು ಜಾಡಿಸಿ, ಜನರ ನಡುವೆ ದಾರಿ ಮಾಡಿಕೊಂಡು ಹೋದಳು.

ಗೌಡಸಾನಿ ಒಳ್ಳೆಯ ಹೆಂಗಸು. ಸಂಜೆ ನನ್ನ ಕೋಣೆಗೆ ಬಂದು ನೇರವಾಗಿ ಕೇಳಿದರು. "ಇದೇನ್ ಮಾಡಿದ್ರಿ ಅಕ್ಕೋರ? ನಾ ಯಾವಾಗ ಉಡಿ ತುಂಬೇನಿ? ಹೊಳಿ ಕಂಡ್ರ ನನ್ನ ಕಾಲು ನಡುಗ್ತಾವ. ಹೋಗಿ ಆಕೀಗಿ ಒಂದು ಮಾತು ಹೇಳಿ ಬರ್ರಿ."

"ಅಚ್ಚಾಗಿ ಹೋಗ್ಯದ್ರಿ, ಇನ್ನೇನು ಮಾಡಲಿಕ್ಕಾಗತದ?" ಎಂದೆ. ಹೋಗಲಿಲ್ಲ. ನನ್ನ ತಪ್ಪು ಅಂದೇ ನನಗೆ ಗೊತ್ತಿತ್ತು, ಸೊಕ್ಕು ಬಿಡಲಿಲ್ಲ. ಹೇಗೂ ವರ್ಗವಾಗಿ ಹೋಗುವವಳು ಎಂದು ದಿನ ದೂಡಿದೆ. ಬಾವಿಯ ಹತ್ತಿರ ಎದುರಾದರೆ ಸಾಬಮ್ಮ ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದಳು, ದಾರಿ ಬಿಡುವವಳ ಹಾಗೆ. ಬೈದಿದ್ದರೆ ಒಳ್ಳೆಯದಿತ್ತು.

ಗಣಪತಿ ಕಳಿಸಿ ವಾರವಾಗಿತ್ತು. ನಮ್ಮಲ್ಲಿ ಒಂದು ಹನಿ ಮಳೆಯಿಲ್ಲ, ಆಕಾಶ ತೊಳೆದಿಟ್ಟ ತಟ್ಟೆಯಂತೆ ನೀಲಿ. ಆದರೆ ಮೇಲೆ ಮಹಾರಾಷ್ಟ್ರದಲ್ಲಿ ಹೊಡೆದ ಮಳೆಗೆ ಡ್ಯಾಮಿನ ಬಾಗಿಲು ತೆರೆದಿದ್ದರು. ಮುಂಜಾನೆ ಎದ್ದು ನೋಡಿದರೆ ಹೊಳೆ ಹತ್ತನೆಯ ಮೆಟ್ಟಿಲಿನಲ್ಲಿತ್ತು. ಬಿಸಿಲಿನಲ್ಲಿ ಕೆಂಪಗೆ, ಸದ್ದಿಲ್ಲದೆ ಏರುತ್ತಿತ್ತು. ಎಂಟು ಗಂಟೆಗೆ ತಾಲೂಕಿನವರು ಆಟೊದಲ್ಲಿ ಮೈಕು ಕಟ್ಟಿಕೊಂಡು ಬಂದು, ಎಲ್ಲರೂ ಊರ ಮೇಲಿನ ಮರಡಿಗೆ ಹೋಗಬೇಕೆಂದು ಸಾರಿ ಹೋದರು. ಮರಡಿ ಎಂದರೆ ಊರಿಂದ ಅರ್ಧ ಮೈಲಿಯ ಕಲ್ಲುದಿಬ್ಬ.

ಯಾರೂ ಹೋಗಲಿಲ್ಲ. ಇಡೀ ಊರು ಮೆಟ್ಟಿಲಿನ ಮೇಲೆ ಬಂದು ನಿಂತಿತು. ಗೌಡರ ಮನೆಯಿಂದ ಮೊರದಲ್ಲಿ ಖಣ, ಜೋಳ, ಕೊಬ್ಬರಿ, ಅರಿಶಿನದ ಕೊಂಬು ಬಂದಿತ್ತು. ಬಾರದವಳು ಸಾಬಮ್ಮ ಒಬ್ಬಳೇ. ಹೇಳಿ ಕಳಿಸಿದರೆ "ಪುಸ್ತಕದಾಗ ಯಾರ ಹೆಸರೈತಿ ಅವ್ರು ತುಂಬ್ಲಿ" ಎಂದಿದ್ದಳಂತೆ. ಗೌಡಸಾನಿ ಮೊರ ಹಿಡಿದು ಎರಡು ಮೆಟ್ಟಿಲು ಇಳಿದರು, ನೀರು ನೋಡಿ, ಅಳುತ್ತಾ ಹಿಂದಕ್ಕೆ ಬಂದರು.

"ಉಡಿ ಆಮ್ಯಾಲ ತುಂಬ್ರಿ, ಮೊದಲ ಮರಡಿಗಿ ನಡೀರಿ!" ಎಂದು ಬಂಡೆಪ್ಪನವರು ಕೂಗುತ್ತಿದ್ದರು. ಒಬ್ಬ ಮುದುಕ ಅವರಿಗೆ ಸಮಾಧಾನದಿಂದ ತಿಳಿಸಿ ಹೇಳಿದ: "ಮಗಳು ಬಾಗಲಿಗಿ ಬಂದು ನಿಂತಾಳ, ನಾವು ಕೀಲಿ ಹಾಕ್ಕೊಂಡು ಹೋಗೂದೇನ್ರಿ ಮಾಸ್ತರ? ನಮ್ಮಪ್ಪನ ಕಾಲಕ್ಕೂ ಹಂಗ ಮಾಡಿಲ್ಲ." ಸುತ್ತಲಿದ್ದವರೆಲ್ಲ ಹೌದೆಂದರು. ಕಂಕುಳಲ್ಲಿ ಕೂಸು ಇಟ್ಟುಕೊಂಡ ಬಾಣಂತಿಯರೂ ಅಲ್ಲೇ ಇದ್ದರು. ನೀರು ಹದಿಮೂರನೆಯ ಮೆಟ್ಟಿಲು ಮುಚ್ಚಿತು.

ಇಷ್ಟು ಜನ ಇಲ್ಲಿ ನಿಂತಿರುವುದು ನಾನು ಬರೆದ ಒಂದು ಸಾಲಿಗಾಗಿ. ಓಡಿದೆ. ಅಂಬಿಗರ ಓಣಿ ಎಲ್ಲಕ್ಕಿಂತ ತಗ್ಗಿನಲ್ಲಿತ್ತು. ಆಗಲೇ ಮೊಣಕಾಲಿನವರೆಗೆ ನೀರು. ಸಾಬಮ್ಮ ಬಾಗಿಲಲ್ಲಿ ಹೊರಸಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು, ಹೊರಸಿನ ಕಾಲುಗಳು ನೀರಲ್ಲಿದ್ದವು.

"ಸಾಬಮ್ಮ, ತಪ್ಪಾಯ್ತು. ನಡಿ."

"ಏನ್ ತಪ್ಪಾತ್ರಿ?"

"ನೀನು ಹೇಳಿದ್ದು ಬರೀಲಿಲ್ಲ. ಬೇರೆ ಬರದೆ."

"ಯಾಕ ಬರೀಲಿಲ್ಲ? ಅದು ಹೇಳ್ರಿ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗಂಡ ಇಲ್ಲದಾಕಿ ಉಡಿ ತುಂಬ್ತಾಳಂತ ಬರೀಲಿಕ್ಕೆ ನಾಚಿಕೆ ಬಂತು" ಎಂದೆ. ಆ ಮಾತು ನನ್ನ ಕಿವಿಗೇ ಎಷ್ಟು ಹೊಲಸಾಗಿ ಕೇಳಿತೆಂದರೆ ಹೇಳಲಾರೆ.

ಸಾಬಮ್ಮ ಎಲೆ ಉಗುಳಿ ನನ್ನನ್ನೇ ನೋಡಿದಳು. "ಮೂವತ್ತು ವರ್ಷ ಆತ್ರಿ ನನ್ನ ಗಂಡ ಹೋಗಿ. ಅವತ್ತಿಂದ ಯಾ ಮದುವ್ಯಾಗೂ ನನ್ನ ಮುಂದ ಕರಿಯೂದಿಲ್ಲ, ನಾನೂ ಹೋಗೂದಿಲ್ಲ. ಈ ಒಂದು ದಿನಾ ಊರೆಲ್ಲಾ 'ಸಾಬಮ್ಮ ಬಾ' ಅಂತ ಕರೀತಿತ್ತು. ಅದೊಂದs ಇತ್ತು ನನಗ. ಅದನ್ನೂ ಅಕ್ಷರ ಬಂದಾಕಿ ನೀವು ಕಸಗೊಂಡ್ರಿ."

ನೀರಿನಲ್ಲಿ ನಿಂತೇ ಅವಳ ಕಾಲು ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ಎತ್ತಲೂ ಇಲ್ಲ. "ಪುಸ್ತಕಾ ತರ್ರಿ. ಹೊಡದು ಬರೀರಿ. ಎಲ್ಲಾರ ಮುಂದ ಓದ್ರಿ. ಓದಿದ್ರಿ ಅಂದ್ರ ಬರ್ತೇನಿ" ಎಂದಳು.

ಕೋಣೆಗೆ ಓಡಿ ಕಟ್ಟಿನಿಂದ ಒಂದು ಪುಸ್ತಕ ಎಳೆದುಕೊಂಡು ಮೆಟ್ಟಿಲಿಗೆ ಬಂದೆ. ಸಾಬಮ್ಮ ಓಣಿಯಿಂದ ಬಂದು ಜನರ ಹಿಂದೆ ನಿಂತಿದ್ದಳು. ನೀರು ಹದಿನಾರನೆಯದನ್ನು ನೆಕ್ಕುತ್ತಿತ್ತು. ಬಂಡೆಪ್ಪನವರ ಬೆನ್ನಿನ ಮೇಲೆ ಪುಸ್ತಕ ಇಟ್ಟು ಆ ಸಾಲು ಹೊಡೆದು ಹಾಕಿದೆ. ಅಂಚಿನಲ್ಲಿ ಬರೆದು ಗಟ್ಟಿಯಾಗಿ ಓದಿದೆ. "ಈ ಊರಿನಲ್ಲಿ ಹೊಳೆಗೆ ಉಡಿ ತುಂಬುವ ಹಕ್ಕು ಹೊಳೆಯಲ್ಲಿ ಗಂಡನನ್ನು ಕಳೆದುಕೊಂಡ ಅಂಬಿಗರ ಹೆಣ್ಣುಮಗಳದು. ಈಗ ತುಂಬುವವರು ಸಾಬಮ್ಮ. ಮೊದಲು ಬರೆದದ್ದು ನನ್ನ ತಪ್ಪು." ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೌಡಸಾನಿ ಮಾತ್ರ "ಸಾಬಮ್ಮ, ಬಾರs ನಮ್ಮವ್ವ" ಎಂದರು.

ಜನ ಬಿಟ್ಟ ದಾರಿಯಲ್ಲಿ ಸಾಬಮ್ಮ ಇಳಿದಳು. ನೀರಿನ ಅಂಚಿಗೆ ಖಣ ಹಾಸಿ, ಐದು ಬೊಗಸೆ ಜೋಳ ಸುರಿದು, ಕೊಬ್ಬರಿ, ಅರಿಶಿನ ಇಟ್ಟಳು. "ಬಂದೀಯೇನ್ ಬೇ? ಬಾ. ಈ ಸಲ ಮಂದಿ ಭಾಳ ಕರಕೊಂಡು ಬಂದೀದಿ ನೋಡು" ಎಂದು ಮನೆಯ ಹುಡುಗಿಯೊಡನೆ ಮಾತಾಡಿದಂತೆ ಮಾತಾಡಿದಳು. ನೀರು ಖಣದ ತುದಿ ಎಳೆಯಿತು, ಪೂರ್ತಿ ಎತ್ತಿಕೊಂಡು ಹೋಯಿತು. ಅವಳು ಕಾವಿಯಲ್ಲಿ ಗೆರೆ ಹೊಡೆದು ನಿಂತಳು. ಗೆರೆ ಒಣಗುವ ಮೊದಲೇ ನೀರು ಅದರ ಮೇಲೆ ಹಾದಿತು.

ಸಾಬಮ್ಮ ತಿರುಗಿ ಊರಿಗೆ ಹೇಳಿದಳು. "ಉಡಿ ತೊಗೊಂಡು ಹೋಗಾಕ ಬಂದಿಲ್ಲ ಆಕಿ. ಇರಾಕ ಬಂದಾಳ. ಮನಿ ಆಕೀಗಿ ಬಿಟ್ಟು ಕೊಡ್ರಿ. ಏಳ್ರಿ, ನಡೀರಿ, ಕೂಸುಗೋಳು ಮೊದಲ!"

ಮೈಕಿಗೆ ಮಣಿಯದ ಊರು ಆ ಒಂದು ಮಾತಿಗೆ ಎದ್ದಿತು. ಗದ್ದಲವಿಲ್ಲ, ಕೂಗಾಟವಿಲ್ಲ, ದನ, ಆಡು, ಹಾಸಿಗೆ, ತೊಟ್ಟಿಲು ಸಾಲಾಗಿ ಮರಡಿಯ ಕಡೆ ನಡೆದವು. ಕೊನೆಗೆ ಹತ್ತಿದವಳು ಸಾಬಮ್ಮ. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು ಮುಳುಗಿ, ಅಂಬಿಗರ ಓಣಿ ಮುಳುಗಿ, ಶಾಲೆಯ ಕಿಟಕಿಗೆ ನೀರು ಬಂದಿತ್ತು. ಒಂದು ಜೀವ ಹೋಗಲಿಲ್ಲ. ನನ್ನ ಕೋಣೆಯ ಗೋಡೆ ಬಿತ್ತು. ಇನ್ನೂ ಹಂಚದಿದ್ದ ಪುಸ್ತಕದ ಕಟ್ಟುಗಳೆಲ್ಲ ಹೊಳೆಯ ಪಾಲಾದವು. ಉಳಿದದ್ದು ಕೈಯಲ್ಲಿದ್ದ ಒಂದೇ ಪ್ರತಿ, ತಿದ್ದಿದ್ದು. ಬಂಡೆಪ್ಪನವರು "ಹೊಳಿಗೂ ಓದಾಕ ಬರ್ತದ ನೋಡ್ರಿ ಅಕ್ಕೋರ, ತಪ್ಪಿದ್ದೆಲ್ಲಾ ಒಯ್ದಾಳ" ಎಂದು ಅಂಥಾ ಹೊತ್ತಿನಲ್ಲೂ ನಗಿಸಿದರು.

ಮರಡಿಯ ಮೇಲೆ ಹನ್ನೊಂದು ದಿನ ಇದ್ದೆವು. ಅತನೂರಿನಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಬರುತ್ತಿತ್ತು. ತಾಡಪಾಲಿನ ಕೆಳಗೆ ನಾನು, ಗೌಡಸಾನಿ, ಸಾಬಮ್ಮ ಒಂದೇ ಕಂಬಳಿಯ ಮೇಲೆ ಮಲಗುತ್ತಿದ್ದೆವು. ನನ್ನವರು ಆಳಂದದಿಂದ ಬಟ್ಟೆಯ ಗಂಟು ಹೊತ್ತು ಬಂದರು, ಅಂಗಡಿಯ ಸೀರೆಗಳನ್ನು ಹಂಚಿದರು. ಸಾಬಮ್ಮನಿಗೆ ಹಸಿರು ಸೀರೆ ಕೊಡುವಾಗ ನಾನು ಬಣ್ಣ ನೋಡಿ ಅಳುಕಿದೆ. ಅವರು ಅಳುಕಲಿಲ್ಲ. "ಹೊಳಿ ಅವ್ವಗ ಹಸಿರೇ ಛಲೋ" ಎಂದರು. ಆ ಮನುಷ್ಯನನ್ನು ಕಟ್ಟಿಕೊಂಡದ್ದು ನನ್ನ ಪುಣ್ಯವೆಂದು ಅವತ್ತು ಅಂದುಕೊಂಡೆ. ಅವರೆದುರು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಮುಂದಿನ ಜೂನಿನಲ್ಲಿ ವರ್ಗದ ಆದೇಶ ಬಂತು. ಹಾತೊರೆದು ಕೇಳಿದ್ದು ಕೈಗೆ ಬಂದಾಗ ಅಳುತ್ತಾ ಬಸ್ಸು ಹತ್ತಿದೆ.

ಈಗ ಘಾಟ ಮರಡಿಯ ಮೇಲಿದೆ, ಸಿಮೆಂಟಿನ ಸಾಲು ಮನೆಗಳು. ಸಾಬಮ್ಮನ ಮನೆ ಕೊನೆಯದು, ಬಾಗಿಲು ಹೊಳೆಯ ಕಡೆ. ಮೊಮ್ಮಗಳು ನನ್ನನ್ನು ಒಳಗೆ ಕರೆದಳು. ಮುದುಕಿಗೆ ಕಣ್ಣು ಮಂಜಾಗಿದೆ, ಬೆನ್ನು ಬಾಗಿದೆ, ಉಟ್ಟದ್ದು ಮಾಸಿದ ಹಸಿರು ಸೀರೆ. ನನ್ನ ಮುಖ ತಡವಿ ನೋಡಿ, ಮಣೆಯ ಮೇಲೆ ಕೂಡಿಸಿದಳು. ಮೊಮ್ಮಗಳು ಮೊರ ತಂದಿಟ್ಟಳು. ಖಣ, ಜೋಳ, ಕೊಬ್ಬರಿ, ಅರಿಶಿನದ ಕೊಂಬು.

ನಾನು ಗಡಬಡಿಸಿ ಎದ್ದೆ. "ಸಾಬಮ್ಮ, ನನಗ ಬ್ಯಾಡ. ನನ್ನವರು..."

"ಗೊತ್ತೈತಿ. ಮಾಸ್ತರ ಹೇಳ್ಯಾರ. ಎರಡು ವರ್ಷದಿಂದ ಮನಿ ಬಿಟ್ಟು ಹೊರಗ ಬರವಲ್ಲಿಯಂತ, ಅದನ್ನೂ ಹೇಳ್ಯಾರ. ಅದಕ್ಕs ಕರಿಸೀನಿ. ಕುಂಡ್ರು ಬೇ."

ಕುಂತೆ. ನಡುಗುವ ಕೈಯಿಂದ ಐದು ಬೊಗಸೆ ಜೋಳ ನನ್ನ ಸೆರಗಿಗೆ ಸುರಿದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಖಣ ಇಟ್ಟು, ಕೊಬ್ಬರಿ ಇಟ್ಟು, ಸೆರಗು ಮಡಚಿ ನನ್ನ ಹೊಟ್ಟೆಗೆ ಒತ್ತಿ ಹಿಡಿದಳು. "ಗಂಡ ಇರಲಿ ಬಿಡಲಿ, ಮಗಳು ಮಗಳs. ನೀನs ಬರದೀಯಲ್ಲ ಪುಸ್ತಕದಾಗ, ಈ ಕೈ ತುಂಬಬೇಕಂತ" ಎಂದಳು. ಎರಡು ವರ್ಷ ಅಳದೆ ತಡೆದಿಟ್ಟದ್ದು ಅವಳ ತೊಡೆಯ ಮೇಲೆ ಬಿದ್ದು ಹರಿದು ಹೋಯಿತು.

ಸಂಜೆಯ ಬಸ್ಸಿಗೆ ಹತ್ತಿದೆ. ತುಂಬಿದ ಸೆರಗನ್ನು ಎರಡೂ ಕೈಯಿಂದ ಹಿಡಿದಿದ್ದರಿಂದ ಟಿಕೀಟಿಗೆ ಚೀಲ ತೆಗೆಯುವುದು ಕಷ್ಟವಾಯಿತು. ಕಂಡಕ್ಟರು ಕಾದು ನಿಂತ. ಸೆರಗಿನಿಂದ ಇಣುಕುತ್ತಿದ್ದ ಖಣ, ಕೊಬ್ಬರಿ ನೋಡಿ ಕೇಳಿದ.

"ತವರಿಗಿ ಹೋಗಿದ್ರೇನ್ರಿ ಅಕ್ಕೋರ?"

"ಹೌದ್ರಿ" ಎಂದೆ.